ಕಾಲುಚೀಲ ತೊಡದ ವೈನ್

ಇದು ನಿಜ ಕತೆ. ಸುಳ್ಳು ಹೇಳುವ ಅಗತ್ಯ ಬಿದ್ದಾಗ ನಾನು ಕತೆ ಹೇಳುವುದಿಲ್ಲ, ಸಭೆಯ ವರದಿ ಬರೆಯುತ್ತೇನೆ. ಸರೆನ್ ನದಿಯ ಎಡದಂಡೆಯ ಬೆಲ್ವಾ ಊರಿನ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ನಮ್ಮ ಕಡೆಯ ಪದ್ಧತಿಯಂತೆ ಮೇಷ್ಟ್ರಾದವನೇ ಊರ ಕಚೇರಿಯ ಗುಮಾಸ್ತ, ಗುಮಾಸ್ತನಾದವನೇ ವೈನ್ ಮಂಡಳಿಯ ಬರಹಗಾರ. ಬೆಳಿಗ್ಗೆ ಮಕ್ಕಳ ಕಾಪಿ ತಿದ್ದುತ್ತೇನೆ, ಸಂಜೆ ದೊಡ್ಡವರ ಜಗಳವನ್ನು ಶುದ್ಧ ಬರಹದಲ್ಲಿ ಇಳಿಸುತ್ತೇನೆ. ಇದಲ್ಲದೆ ನನಗೊಂದು ಚಟವಿದೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಬಾಯಿಂದ ಬರುತ್ತದೆ. ದಿಜೋನ್ ಕಾಲೇಜಿನಲ್ಲಿ ಈ ಚಟಕ್ಕಾಗಿ ನನ್ನನ್ನು ಹಾಸ್ಟೆಲಿನಿಂದ ಎರಡು ಸಲ ಹೊರಹಾಕಿದ್ದರು. ಎರಡನೆಯ ಸಲ ವಾರ್ಡನ್ನರಿಗೆ ಫೋನ್ ಮಾಡಿ, ಪ್ರಾಂಶುಪಾಲರ ದನಿಯಲ್ಲಿ ನಾನೇ ನನ್ನನ್ನು ವಾಪಸು ಸೇರಿಸಿಕೊಂಡೆ.

ತೊಂಬತ್ತರ ದಶಕದ ಕೊನೆ. ಆ ವರ್ಷ ಏಪ್ರಿಲಿನಲ್ಲಿ ಎರಡು ಸಲ ಹಿಮ ಬಿದ್ದು ಅರ್ಧ ಚಿಗುರು ಸುಟ್ಟುಹೋಗಿತ್ತು. ಬೇಸಿಗೆಯೂ ನಮ್ಮ ಕಡೆ ಬರಲು ಮನಸ್ಸಿಲ್ಲದೆ ಬಂದು ಬೇಗ ಹೊರಟುಹೋಯಿತು. ಉಳಿದ ದ್ರಾಕ್ಷಿ ಅಕ್ಟೋಬರಿಗೆ ಅಂತೂ ಇಂತೂ ಹಣ್ಣಾಯಿತು. ಹುಳಿ ಜಾಸ್ತಿ, ಸಕ್ಕರೆ ಕಡಿಮೆ. ಬುದ್ಧಿವಂತರು ರಸವನ್ನು ಹೊಸ ಓಕ್ ಮರದ ಪೀಪಾಯಿಗೆ ತುಂಬಿ, ಮರ ಕೊಡುವ ಬೆಣ್ಣೆ, ವೆನಿಲಾ ವಾಸನೆಯಲ್ಲಿ ಅದರ ಮೊನಚನ್ನು ಮರೆಮಾಡಿದರು. ಆಗ ಎಲ್ಲೆಲ್ಲೂ ಓಕ್ ಪೀಪಾಯಿಯ ಹುಚ್ಚು. ಮರ ಹೆಚ್ಚಾದಂತೆ ಮರೆವೂ ಹೆಚ್ಚಾಗುತ್ತದೆ ಎಂದು ನಾನು ಒಮ್ಮೆ ಸಭೆಯಲ್ಲಿ ಹೇಳಿ, ಅದನ್ನು ವರದಿಯಲ್ಲಿ ಬರೆದುಕೊಳ್ಳದಂತೆ ಆಜ್ಞೆ ಪಡೆದಿದ್ದೆ.

ಪೀಪಾಯಿಯ ಸಹವಾಸಕ್ಕೆ ಹೋಗದವರು ಒಬ್ಬರೇ, ಗಿಸ್ಲೇನ್ ಟ್ರೆಫೂ. ಅರವತ್ತೊಂದು ವರ್ಷದ ಒಂಟಿ ಹೆಂಗಸು. ಪೂರ್ವಕ್ಕೆ ಮುಖ ಮಾಡಿದ, ಮಧ್ಯಾಹ್ನದ ಮೇಲೆ ಬಿಸಿಲೇ ಕಾಣದ ಕಾಗೆಮೂಲೆ ಎಂಬ ಇಳಿಜಾರು ಅವರದು. ಅಲ್ಲಿನ ಶಾರ್ದೊನೆ ದ್ರಾಕ್ಷಿಯ ರಸವನ್ನು ಹಳೆಯ ಎನಾಮಲ್ ತೊಟ್ಟಿಯಲ್ಲಿ ಸುಮ್ಮನೆ ಬಿಟ್ಟಿದ್ದರು. ಮರುವರ್ಷ ಏಪ್ರಿಲಿನಲ್ಲಿ ಮಂಡಳಿ ಅದರ ಮಾದರಿ ಕುಡಿದು ತಿರಸ್ಕರಿಸಿತು. ತೀರ್ಪು ಬರೆದದ್ದು ನನ್ನ ಕೈ, ಹೇಳಿ ಬರೆಸಿದ್ದು ಅಧ್ಯಕ್ಷ ಆನ್ಸೆಲ್ಮ್ ಬೋಕಾರರ ಬಾಯಿ: "ಹುಳಿ ಅತಿ. ಮೈ ತೆಳು. ಈ ಊರಿನ ಗುಣವಿಲ್ಲ."

ಮರುಪರೀಕ್ಷೆಗೆ ಒಂದೇ ಅವಕಾಶ. ಅದರಲ್ಲೂ ಬಿದ್ದರೆ ಬಾಟಲಿಯ ಮೇಲೆ ನಮ್ಮ ಸೀಮೆಯ ಹೆಸರಾದ ಶಾಬ್ಲಿ ಎಂದು ಬರೆಯುವ ಹಾಗಿಲ್ಲ. ಇಡೀ ವರ್ಷದ ಬೆಳೆ ಟ್ಯಾಂಕರ್ ಲಾರಿ ಹತ್ತಿ, ಹೆಸರಿಲ್ಲದ ಬಿಳಿ ವೈನಾಗಿ ಯಾವುದೋ ಕಾರ್ಖಾನೆಗೆ ಹೋಗುತ್ತದೆ.

ಕಾಗದ ಕೊಡಲು ನಾನೇ ಕಾಗೆಮೂಲೆ ಹತ್ತಿದೆ. ಗಿಸ್ಲೇನಮ್ಮ ಬಳ್ಳಿಗಳ ಸಾಲಿನಲ್ಲಿ ಬಗ್ಗಿ, ಬೇಡದ ಚಿಗುರನ್ನು ಹೆಬ್ಬೆರಳಿನಿಂದ ಉಜ್ಜಿ ಉದುರಿಸುತ್ತಿದ್ದರು.

"ಏನ್ ಮೇಷ್ಟ್ರೇ, ಒಳ್ಳೇ ಬೂಟ್ ಹಾಕ್ಕೊಂಡು ಬೆಟ್ಟ ಹತ್ತಿದೀರ. ಯಾರು ಹೋದ್ರು?"

"ಯಾರೂ ಹೋಗಿಲ್ಲ. ಮಂಡಳಿ ಕಾಗದ."

"ಓದಿ. ಕನ್ನಡಕ ಮನೇಲಿದೆ. ನಿಮ್ಮ ದನೀಲೇ ಓದಿ, ನಾಟಕ ಬೇಡ."

ಓದಿದೆ. ಕೊನೆಯ ವಾಕ್ಯಕ್ಕೆ ಬಂದಾಗ ಅವರ ಹೆಬ್ಬೆರಳು ನಿಂತಿತು. ಬಗ್ಗಿ ಒಂದು ಹಿಡಿ ಬಿಳಿ ಮಣ್ಣು ತೆಗೆದು ನನ್ನ ಅಂಗೈಗೆ ಸುರಿದರು. ಮಣ್ಣಿನಲ್ಲಿ ಅಲ್ಪವಿರಾಮದಷ್ಟೇ ದೊಡ್ಡ, ಅಲ್ಪವಿರಾಮದ ಹಾಗೇ ಬಾಗಿದ ಕಲ್ಲುಸಿಂಪಿಗಳಿದ್ದವು. ಇಲ್ಲಿ ಸಮುದ್ರವಿದ್ದ ಕಾಲದವು.

"ಇದು ಯಾವೂರ ಮಣ್ಣು?"

"ನಮ್ಮೂರದೇ."

"ಚಳಿಗಾಲದ ಮಳೇಗೆ ಇದು ಕೆಳಗಿನ ರಸ್ತೆಗೆ ಇಳಿದುಹೋಗಿತ್ತು. ಬೆನ್ನ ಮೇಲೆ ಬುಟ್ಟಿ ಕಟ್ಕೊಂಡು ವಾಪಸ್ ಹೊತ್ತು ಹಾಕಿದೀನಿ. ನಲವತ್ತೊಂದು ಬುಟ್ಟಿ. ನಮ್ಮಪ್ಪನೂ ಹೊತ್ತ. ನಿಮ್ಮ ಅಧ್ಯಕ್ಷರು ಕೊನೇ ಸಲ ಬುಟ್ಟಿ ಹೊತ್ತಿದ್ದು ಯಾವಾಗ ಅಂತ ಕೇಳಿ ಬರ್ಕೊಳ್ಳಿ. ಊರಿನ ಗುಣ ಇಲ್ವಂತೆ."

ಅಷ್ಟರಲ್ಲಿ ಕೆಳಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಆನ್ಸೆಲ್ಮ್ ಏದುಸಿರು ಬಿಡುತ್ತ ಹತ್ತಿ ಬಂದರು. ಅವರು ಗಿಸ್ಲೇನಮ್ಮನ ಅಕ್ಕ ಆರ್ಲೆಟ್ಟರ ಗಂಡ. ಎತ್ತರದ ಆಳು, ಅದಕ್ಕಿಂತ ಎತ್ತರದ ಮೂಗು. ಪ್ರತಿ ಮಾತಿಗೂ ಮೊದಲು ಮೂಗಿನಿಂದ ಒಂದು ಸಲ ಗಾಳಿ ಎಳೆಯುತ್ತಾರೆ, ಹೇಳಲಿರುವ ಮಾತನ್ನೂ ಮೂಸಿ ನೋಡುವವರಂತೆ. ಕೊನೆಗೆ "ಬರ್ಕೊಳ್ಳಿ ಮೇಷ್ಟ್ರೇ" ಎನ್ನುತ್ತಾರೆ. ಈ ದನಿಯನ್ನು ಕಲಿಯಲು ನನಗೆ ಎರಡು ಸಲವೂ ಬೇಕಾಗಿರಲಿಲ್ಲ.

"ಹ್ಞ. ಗಿಸ್ಲೇನ್, ಕೋಪ ಮಾಡ್ಕೋಬೇಡ. ನನ್ನ ಎರಡು ಹೊಸ ಪೀಪಾಯಿ ಕಳಿಸ್ತೀನಿ. ಪರೀಕ್ಷೆವರೆಗೆ ಅದರಲ್ಲಿರಲಿ. ಸ್ವಲ್ಪ ಮೈ ತುಂಬ್ಕೊಳ್ಳತ್ತೆ."

"ಮೈ ತುಂಬ್ಕೊಳ್ಳೋಕೆ ಅದೇನು ಬಸುರೀನಾ ಭಾವ?"

"ಜನ ಈಗ ಬೆಣ್ಣೆ ಕೇಳ್ತಾರೆ. ವೆನಿಲಾ ಕೇಳ್ತಾರೆ."

"ಬೆಣ್ಣೆ ಬೇಕಾದೋರು ಹಸು ಸಾಕಲಿ."

"ನಿನ್ನ ವೈನ್ ಕುಡಿದ್ರೆ ಹಲ್ಲು ಜುಮ್ ಅನ್ನತ್ತೆ ಕಣೇ."

"ಬಾಯಲ್ಲಿ ಹಲ್ಲಿದೆ ಅಂತ ಗೊತ್ತಾಗಲಿ ಬಿಡಿ. ಭಾವ, ಇದು ಚಳಿ ನಾಡಿನ ದ್ರಾಕ್ಷಿ. ಚಳಿ ತಿಂದು ಬೆಳೆದದ್ದು ಚಳಿ ಮಾತೇ ಆಡತ್ತೆ. ಬಿಸಿಲೂರಲ್ಲಿರೋ ಇದರ ಚಿಕ್ಕಮ್ಮನ ಮಕ್ಕಳು ದಪ್ಪಗಿದಾರೆ, ನೀನೂ ದಪ್ಪಗಾಗು ಅಂತ ದಿಂಬು ಕಟ್ಟಿ ಕಳಿಸ್ಲಾ?"

ನನಗೆ ತಡೆಯಲಾಗಲಿಲ್ಲ. "ಹುಳಿ ಇದ್ರೆ ತಾನೇ ಅಧ್ಯಕ್ಷರೇ ವೈನು ಹತ್ತು ವರ್ಷ ಉಳಿಯೋದು" ಎಂದೆ. ಇಬ್ಬರೂ ನಗಲಿಲ್ಲ. ಬಳ್ಳಿಗಳೂ ಅಲ್ಲಾಡಲಿಲ್ಲ.

ಆನ್ಸೆಲ್ಮ್ ಕೆಟ್ಟವರಲ್ಲ, ಇದನ್ನು ಈಗಲೇ ಹೇಳಿಬಿಡಬೇಕು. ನಾದಿನಿಯ ಬೆಳೆ ಲಾರಿಗೆ ಹೋಗುವುದು ಅವರಿಗೂ ಇಷ್ಟವಿರಲಿಲ್ಲ. ಆದರೆ ಹತ್ತು ವರ್ಷದಿಂದ ಊರೂರು ತಿರುಗಿ, ಮರದ ವೈನೇ ಮುಂದಿನ ದಾರಿ ಎಂದು ಭಾಷಣ ಮಾಡಿದ್ದವರು ಅವರು. ಗಿಸ್ಲೇನಮ್ಮನ ತೊಟ್ಟಿ ಪಾಸಾದರೆ ಅವರ ಹತ್ತು ವರ್ಷ ನಪಾಸಾದಂತೆ.

"ಹಾಗಾದ್ರೆ ಮರುಪರೀಕ್ಷೆ ಹಿಮಸಂತರು ಕಳೆದ ಮೇಲಿನ ಶನಿವಾರ, ಹನ್ನೊಂದು ಗಂಟೆಗೆ. ಆಮೇಲೆ ನನ್ನ ಅನ್ನಬೇಡ" ಎಂದು ಹೇಳಿ ಇಳಿದು ಹೋದರು. ಮೇ ತಿಂಗಳ ಆ ಮೂರು ಸಂತರ ದಿನ ದಾಟುವವರೆಗೆ ನಮ್ಮಲ್ಲಿ ಯಾರೂ ಹಿಮದ ಭಯ ಬಿಟ್ಟು ಬೇರೆ ಕೆಲಸಕ್ಕೆ ದಿನ ಗೊತ್ತುಮಾಡುವುದಿಲ್ಲ.

ಬೆಲ್ವಾದ ಮರುಪರೀಕ್ಷೆ ಬೆಳೆಗಾರನ ನೆಲಮಾಳಿಗೆಯಲ್ಲೇ ನಡೆಯಬೇಕು. ಬೆಳೆಗಾರ ಮೂರು ಬಾಟಲಿಗಳಿಗೆ ಉಣ್ಣೆಯ ಕಾಲುಚೀಲ ತೊಡಿಸಿ ಸಾಲಾಗಿ ನಿಲ್ಲಿಸುತ್ತಾನೆ. ವಾಡಿಕೆಯಂತೆ ಒಂದು ತನ್ನದು, ಎರಡು ಬೇರೆಯವರದು. ಯಾವುದು ಯಾರದು ಎಂದು ಮಂಡಳಿಗೆ ಗೊತ್ತಿರುವುದಿಲ್ಲ. ಬಾಟಲಿಗೆ ಕಾಲುಚೀಲ ಎಂದರೆ ಹೊರಗಿನವರಿಗೆ ನಗು ಬರಬಹುದು, ನಮಗೆ ಅದು ನ್ಯಾಯದೇವತೆಯ ಕಣ್ಣಿನ ಬಟ್ಟೆಯಷ್ಟೇ ಗಂಭೀರ. ಪರೀಕ್ಷೆಗೆ ಮೂರು ದಿನ ಇದೆ ಎನ್ನುವಾಗ ಈ ನಿಯಮ ಓದಿ ಹೇಳಲು ಗಿಸ್ಲೇನಮ್ಮನ ಅಡಿಗೆಮನೆಗೆ ಹೋದೆ.

"ಆಗಲ್ಲ" ಎಂದರು, ಬಾಣಲೆಯಲ್ಲಿ ಸಾಸೇಜ್ ಮಗುಚುತ್ತ.

"ಏನಾಗಲ್ಲ?"

"ನನ್ನ ವೈನು ಕಾಲುಚೀಲ ಹಾಕ್ಕೊಂಡು ಯಾರೆದುರೂ ನಿಲ್ಲಲ್ಲ. ತಪ್ಪು ಮಾಡಿದೋರು ಮುಖ ಮುಚ್ಕೋತಾರೆ. ಅದೇನು ತಪ್ಪು ಮಾಡಿದೆ?"

"ಗಿಸ್ಲೇನಮ್ಮ, ಮೂರು ಬಾಟ್ಲಿ ಇಡದೇ ಇದ್ರೆ ಅರ್ಜಿ ಬಿದ್ದುಹೋಗತ್ತೆ. ಲಾರಿ ಬರತ್ತೆ."

"ಬರಲಿ. ಲಾರಿ ಗೇಟಿಗೆ ಬಂದ ದಿನ ತೊಟ್ಟಿ ನಲ್ಲಿ ನಾನೇ ತಿರುಗಿಸ್ತೀನಿ. ಕಾಗೆಮೂಲೆ ಮಣ್ಣು ಕುಡಕೊಳ್ಳಲಿ. ಅದಕ್ಕಾದ್ರೂ ರುಚಿ ಗೊತ್ತು."

ಹೇಳಿದಂತೆ ಮಾಡುವ ಹೆಂಗಸು. ಬೆಂದ ಸಾಸೇಜನ್ನು ಮಾತ್ರ ಮತ್ತೆ ಮತ್ತೆ ಮಗುಚುತ್ತಿದ್ದರು. ಆ ತೊಟ್ಟಿಯಲ್ಲಿದ್ದದ್ದು ಹಿಮ ಬಿಟ್ಟುಕೊಟ್ಟ ಅರ್ಧ ಬೆಳೆ. ಹಿಮ ಓಡಿಸಲು ಬೆಳಗಿನ ಜಾವ ಬಳ್ಳಿಗಳ ಮಧ್ಯೆ ಒಲೆ ಹಚ್ಚಿ, ಹೊಗೆ ತಿಂದು ಉಳಿಸಿಕೊಂಡದ್ದು.

ಹಿಂಬಾಗಿಲು ಸರಿಯಿತು. ಆರ್ಲೆಟ್ ತರಕಾರಿ ಚೀಲದೊಂದಿಗೆ ಒಳಗೆ ಬಂದರು. ಈರುಳ್ಳಿ ಸೊಪ್ಪು ಸರಿಸಿ ಅಡಿಯಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಚೀಟಿಯಿಲ್ಲ. ಹಸಿರು ಗಾಜಿನ ಮೇಲೆ ಸೀಮೆಸುಣ್ಣದ ಬರಹ ಮಾತ್ರ: ಮನೆಗೆ. ಮುಟ್ಟಬೇಡಿ.

"ಇದ್ಯಾರ ಕೈಬರಹ ಅಕ್ಕ?"

"ಯಾರದೋ ನೀನೇ ಹೇಳು. ಆ ಮಹಾನುಭಾವರು ಮನೇಲಿ ಏನು ಕುಡೀತಾರೆ ಅಂತ ಇಷ್ಟು ವರ್ಷದಲ್ಲಿ ಯಾರಾದ್ರೂ ಕೇಳಿದೀರಾ?" ಆರ್ಲೆಟ್ ಕುರ್ಚಿ ಎಳೆದು ಕೂತರು. "ಪೀಪಾಯಿಗಳ ಹಿಂದೆ ಒಂದು ಪುಟ್ಟ ಸಿಮೆಂಟ್ ತೊಟ್ಟಿ ಇದೆ. ಅವರ ತಾತನದು. ಪ್ರತಿ ವರ್ಷ ಒಂದಿಷ್ಟು ರಸ ಅದಕ್ಕೆ ಹೋಗತ್ತೆ. ಅದರ ಹತ್ರ ಮರದ ಚಕ್ಕೇನೂ ಸುಳಿಯಲ್ಲ. ಬಂದೋರಿಗೆಲ್ಲ ಬೆಣ್ಣೆ ವೈನು. ನಮ್ಮನೆ ಊಟಕ್ಕೆ ಇದು. ಓಕು ಕುಡಿದ್ರೆ ತಲೆನೋವಂತೆ."

ಗಿಸ್ಲೇನಮ್ಮ ಬಿರಡೆ ತೆಗೆದು ಮೂವರಿಗೂ ಬೆರಳಷ್ಟು ಸುರಿದರು. ಹಸಿರು ಬೆರೆತ ತೆಳು ಬಂಗಾರದ ಬಣ್ಣ. ಬಾಯಿಗೆ ಹಾಕಿದರೆ ಮೊದಲು ನಿಂಬೆ ಸಿಪ್ಪೆ, ಆಮೇಲೆ ಮಳೆ ನಿಂತ ಮೇಲಿನ ಕಲ್ಲುಚಪ್ಪಡಿ, ಕೊನೆಗೆ ನಾಲಿಗೆಯ ಅಂಚಿನಲ್ಲಿ ಒಂದೆಳೆ ಉಪ್ಪು. ನುಂಗಿದ ಮೇಲೂ ಅದು ಹೋಗದೆ ನಿಂತಿತ್ತು. ಕಲ್ಲಿನಿಂದ ಇಳಿಸಿದ ಕಳ್ಳು ಎಂದರೆ ಇದೇ.

"ಕಳ್ಳ" ಎಂದರು ಗಿಸ್ಲೇನಮ್ಮ, ಮೆಲ್ಲಗೆ. "ನಮ್ಮಪ್ಪನ ವೈನಿದ್ದ ಹಾಗೇ ಇದೆ."

ನಾನು ನಿಯಮಪುಸ್ತಕ ತೆರೆದೆ. ನೂರು ವರ್ಷದ ಹಿಂದೆ ಅದನ್ನು ಬರೆದವನೂ ಒಬ್ಬ ಮೇಷ್ಟ್ರು. ಮೂರು ಬಾಟಲಿಗಳಿಗೆ ಕಾಲುಚೀಲವಿರಬೇಕು ಎಂದು ಬರೆದಿದ್ದ. ಆ ಮೂರರಲ್ಲಿ ಬೆಳೆಗಾರನದೂ ಒಂದಿರಬೇಕು ಎಂದು ಬರೆದಿರಲಿಲ್ಲ. ತನ್ನದನ್ನೇ ಬಿಡುವಷ್ಟು ಹಟಮಾರಿ ಹುಟ್ಟಬಹುದೆಂದು ಅವನಿಗೆ ಹೊಳೆದಿರಲಾರದು. ಮೇಜಿನ ಮೇಲೆ ನಾಲ್ಕನೆಯದೊಂದು ಬರಿಮೈಯಲ್ಲಿ ಇರಬಾರದು ಎಂದೂ ಬರೆದಿರಲಿಲ್ಲ. ಮಂಡಳಿ ಮೇಜಿನ ಮೇಲಿದ್ದುದನ್ನೆಲ್ಲ ರುಚಿ ನೋಡತಕ್ಕದ್ದು ಎಂದು ಮಾತ್ರ ಇತ್ತು.

ಹೇಳಿದೆ. ಆರ್ಲೆಟ್ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡರು. ಗಿಸ್ಲೇನಮ್ಮ ನಗಲಿಲ್ಲ.

"ನಾನು ಸುಳ್ಳು ಹೇಳಲ್ಲ. ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನನ್ನದು ಎಲ್ಲರ ಕಣ್ಣೆದುರಿಗೇ ಇರತ್ತೆ."

"ಕೇಳದೇ ಇದ್ರೆ?" ಎಂದೆ.

"ಕೇಳದೇ ಇದ್ದೋರಿಗೆ ಹೇಳೋಕೆ ನಾನೇನು ಚರ್ಚಿನ ಗಂಟೆನಾ?"

ಶನಿವಾರ ಬಂತು. ಮಂಡಳಿಯಲ್ಲಿ ಮೂವರು: ಆನ್ಸೆಲ್ಮ್, ಎಪ್ಪತ್ತೆಂಟರ ಫೆರ್ನಾ, ಮೂವತ್ತರ ಕೊರಿನ್. ಮೊದಲ ಪರೀಕ್ಷೆಯ ದಿನ ಫೆರ್ನಾಗೆ ನೆಗಡಿ, ಅಧ್ಯಕ್ಷರು ಹೇಳಿದ್ದಕ್ಕೆ ತಲೆಯಾಡಿಸಿದ್ದ. ಕೊರಿನ್ ಮಂಡಳಿಗೆ ಹೊಸಬಳು, ಬಾಯಿ ತೆರೆಯದೆ ಸಹಿ ಹಾಕಿದ್ದಳು. ಅಂದಿನಿಂದ ಆ ಸಹಿಯ ಅಳುಕಿಗೆ ನನ್ನನ್ನು ಕಂಡಾಗಲೆಲ್ಲ ರಸ್ತೆ ದಾಟಿ ಆಚೆ ಹೋಗುತ್ತಿದ್ದಳು.

ನೆಲಮಾಳಿಗೆಯ ಮೇಜಿನ ಮೇಲೆ ಮೂರು ಕಾಲುಚೀಲಗಳು ನಿಂತಿದ್ದವು: ಬೂದು ಬಣ್ಣದ್ದು, ಬೇಟೆಗಾರರ ಹಸಿರು, ಹಿಮ್ಮಡಿಗೆ ತೇಪೆ ಹಾಕಿದ ನೀಲಿ. ಅವುಗಳ ಪಕ್ಕದಲ್ಲಿ ಉಗುಳುವ ಬಕೆಟ್ಟು. ಮೇಜಿನ ತುದಿಯಲ್ಲಿ ಒಂದು ಬಾಟಲಿ ಏನೂ ತೊಡದೆ ನಿಂತಿತ್ತು.

"ಹ್ಞ. ಅದೇನದು?" ಆನ್ಸೆಲ್ಮ್ ಕೇಳಿದರು.

"ನನ್ನ ವೈನು" ಎಂದರು ಗಿಸ್ಲೇನಮ್ಮ.

"ಊಟದ ಜೊತೆಗಾ?"

"ಕೊನೇಗೆ."

"ಆಗಲಿ, ಊಟ ಅಂತೂ ಇದೆ" ಎಂದ ಫೆರ್ನಾ. ಮೇಲಿನ ಅಡಿಗೆಮನೆಯಿಂದ ಗೂಜೇರ್ ಎಂಬ ಬಿಸಿ ಚೀಸ್ ಬನ್ನಿನ ವಾಸನೆ ಬರುತ್ತಿತ್ತು. ಕೇಳಿದ್ದಕ್ಕೆ ಗಿಸ್ಲೇನಮ್ಮ ನಿಜವನ್ನೇ ಹೇಳಿದ್ದರು. ಕೇಳಿಸಿಕೊಂಡದ್ದು ಅವರವರ ಪಾಡು.

ಬೂದು ಕಾಲುಚೀಲದಿಂದ ಸುರಿದರು. ಆನ್ಸೆಲ್ಮ್ ಗ್ಲಾಸು ಆಡಿಸಿದರು, ಮೂಸಿದರು, ಬಾಯಿ ತುಂಬ ಉರುಳಿಸಿ ಬಕೆಟ್ಟಿಗೆ ಉಗುಳಿದರು. "ಹ್ಞ. ಜಾಗ್ರತೆಯ ಕೈ. ತಪ್ಪಿಲ್ಲ, ತಮಾಷೆಯೂ ಇಲ್ಲ. ಬರ್ಕೊಳ್ಳಿ ಮೇಷ್ಟ್ರೇ." ಫೆರ್ನಾ ಎರಡು ಸಲ ರುಚಿ ನೋಡಿ, "ಇದನ್ನ ಮಾಡಿದೋನು ಒಳ್ಳೇ ಮನುಷ್ಯ" ಎಂದ.

ಹಸಿರು ಕಾಲುಚೀಲ. ಗ್ಲಾಸಿನಿಂದ ವೆನಿಲಾ ಕೋಣೆಯಿಡೀ ಹರಡಿತು. ಆನ್ಸೆಲ್ಮರ ಮುಖ ಅರಳಿತು. "ಆಹಾ. ಬೆಣ್ಣೆ. ಸುಟ್ಟ ಬ್ರೆಡ್ಡು. ಇದು ನಾಳೆಯ ಶಾಬ್ಲಿ, ಬರ್ಕೊಳ್ಳಿ." ನಾಳೆಯ ಶಾಬ್ಲಿಯನ್ನೂ ಬಕೆಟ್ಟಿಗೇ ಉಗುಳಿದರು.

ನೀಲಿ ಕಾಲುಚೀಲ.

ಮೂಗು ಗ್ಲಾಸಿಗೆ ಹೋದದ್ದೇ ಅವರು ತಲೆಯೆತ್ತಿ ಗಿಸ್ಲೇನಮ್ಮನನ್ನು ನೋಡಿದರು. ಗೆದ್ದವನ ನೋಟ, ಸ್ವಲ್ಪ ಪಾಪ ಎನ್ನುವ ನೋಟ. ಮೂರರಲ್ಲಿ ಒಂದು ಅವಳದು, ಅದು ಇದೇ ಎಂದು ತೀರ್ಮಾನವಾಗಿಹೋಗಿತ್ತು. ಒಂದು ಗುಟುಕು ಬಾಯಿಗೆ ಹಾಕಿ ಮಾತು ಶುರು ಮಾಡಿದರು.

"ಹ್ಞ. ನಾನು ಕತ್ತಲಲ್ಲೂ ಹೇಳಬಲ್ಲೆ, ಇದು ಎಲ್ಲೀದು ಅಂತ. ಗಿಸ್ಲೇನ್, ಬೇಜಾರು ಮಾಡ್ಕೋಬೇಡ. ನಿಂಬೆ ಸಿಪ್ಪೆ, ಕಲ್ಲು, ಚಾಕು. ಇದು ವೈನಲ್ಲ, ಶಿಕ್ಷೆ. ಇದನ್ನ ಮಾಡಿದೋನಿಗೆ ಮಾರುಕಟ್ಟೆಯ ಅರಿವಿಲ್ಲ. ಇಂಥದ್ದನ್ನ ದಿನಾ ಮನೇಲಿ ಕುಡಿಯೋನಿಗೆ ಚರ್ಮದ ನಾಲಿಗೆ ಇರಬೇಕು, ಇಲ್ಲಾ ಹೆಂಡತಿ ಮೇಲಿನ ಸಿಟ್ಟಿಗೆ ಕುಡೀತಿರಬೇಕು. ಊರಿನ ಗುಣ ಇದರಲ್ಲಿಲ್ಲ. ಬರ್ಕೊಳ್ಳಿ ಮೇಷ್ಟ್ರೇ, ಒಂದಕ್ಷರ ಬಿಡಬೇಡಿ."

ಒಂದಕ್ಷರ ಬಿಡಲಿಲ್ಲ. ಬರೆಯುತ್ತ ಬಕೆಟ್ಟಿನ ಕಡೆ ನೋಡಿದೆ. ಫೆರ್ನಾನೂ ನೋಡುತ್ತಿದ್ದ.

"ಆನ್ಸೆಲ್ಮ" ಎಂದ ಫೆರ್ನಾ, "ಮೊದಲೆರಡು ಉಗುಳ್ದೆ. ಇದನ್ನ ನುಂಗಿದೆಯಲ್ಲೋ."

"ನಾನಾ? ಇಲ್ಲ."

"ಗ್ಲಾಸು ಖಾಲಿ. ಬಕೆಟ್ಟಿಗೇನೂ ಬೀಳಲಿಲ್ಲ. ಮಾತಾಡ್ತಾ ಮಾತಾಡ್ತಾ ಪೂರ್ತಿ ಕುಡಿದೆ."

ಆನ್ಸೆಲ್ಮ್ ಗ್ಲಾಸು ನೋಡಿದರು. ನಿಜವಾಗಿಯೂ ಖಾಲಿಯಾಗಿತ್ತು. ನಮ್ಮ ಊರಿನಲ್ಲಿ ಪರೀಕ್ಷಕನಾದವನು ಎಲ್ಲ ತಪ್ಪು ಮಾಡಬಹುದು, ಉಗುಳಬೇಕಾದದ್ದನ್ನು ನುಂಗುವ ತಪ್ಪೊಂದನ್ನು ಮಾಡುವುದಿಲ್ಲ. ಮೂವತ್ತು ವರ್ಷ ಊಟದ ಮೇಜಿನಲ್ಲಿ ಬಂದ ರುಚಿಯನ್ನು ಗಂಟಲು ಕೇಳದೆ ಒಳಗೆ ಬಿಟ್ಟುಕೊಂಡಿತ್ತು. ತಲೆಗೆ ಮಾತ್ರ ಸುದ್ದಿ ತಲುಪಿರಲಿಲ್ಲ.

"ಚೀಲ ತೆಗೀಲಾ?" ಎಂದರು ಗಿಸ್ಲೇನಮ್ಮ.

ಬೂದು ಚೀಲ ಕಳಚಿತು: ಫೆರ್ನಾನ ಬಾಟಲಿ. "ಹೇಳ್ಲಿಲ್ವಾ ಒಳ್ಳೇ ಮನುಷ್ಯ ಅಂತ" ಎಂದ ಫೆರ್ನಾ. ಹಸಿರು ಚೀಲ ಕಳಚಿತು: ಬೋಕಾರ್ ಮನೆತನದ ಚಿನ್ನದ ಚೀಟಿ. ಆನ್ಸೆಲ್ಮ್ ಗಂಭೀರವಾಗಿ ತಲೆಬಾಗಿದರು. ನೀಲಿ ಚೀಲ ಹಿಮ್ಮಡಿಯ ತೇಪೆಯವರೆಗೆ ಇಳಿದು ಅಲ್ಲೇ ಸಿಕ್ಕಿಕೊಂಡಿತು. ಗಿಸ್ಲೇನಮ್ಮ ಅದನ್ನು ಎಳೆದರು.

ಮನೆಗೆ. ಮುಟ್ಟಬೇಡಿ.

ಕೊರಿನ್ ಹತ್ತಿರ ಬಂದು ಸೀಮೆಸುಣ್ಣದ ಬರಹ ಓದಿದಳು. ತನ್ನ ಕೈಯಲ್ಲಿದ್ದ ಹಳೆಯ ತೀರ್ಪಿನ ಕೆಳಗಿನ ಅಧ್ಯಕ್ಷರ ಸಹಿ ನೋಡಿದಳು, ಮತ್ತೆ ಬಾಟಲಿ ನೋಡಿದಳು. ಮೆಟ್ಟಿಲ ಮೇಲೆ ಗೂಜೇರಿನ ತಟ್ಟೆ ಹಿಡಿದ ಆರ್ಲೆಟ್ ಕಾಣಿಸಿಕೊಂಡರು.

"ಏನೂಂದ್ರೆ" ಎಂದರು ಆರ್ಲೆಟ್, "ಯಾರ ಮೇಲಿನ ಸಿಟ್ಟಿಗೆ ಕುಡೀತೀರಾ ಅಂದ್ರಿ? ಮೇಲಿಂದ ಸರಿಯಾಗಿ ಕೇಳಿಸ್ಲಿಲ್ಲ."

"ವರದಿ ಓದಿ ಮೇಷ್ಟ್ರೇ" ಎಂದಳು ಕೊರಿನ್. ಮಂಡಳಿಯಲ್ಲಿ ಅವಳಾಡಿದ ಮೊದಲ ಮಾತು ಅದು.

ವರದಿ ಓದುವುದು ನನ್ನ ಕೆಲಸ. ಯಾವ ದನಿಯಲ್ಲಿ ಓದಬೇಕೆಂದು ನಿಯಮಪುಸ್ತಕ ಹೇಳುವುದಿಲ್ಲ. ಎದ್ದು ನಿಂತೆ, ಬೆನ್ನು ನೆಟ್ಟಗೆ ಮಾಡಿದೆ, ಮೂಗಿನಿಂದ ಒಮ್ಮೆ ಗಾಳಿ ಎಳೆದೆ. "ಹ್ಞ. ನಾನು ಕತ್ತಲಲ್ಲೂ ಹೇಳಬಲ್ಲೆ" ಎಂದು ಶುರುಮಾಡಿದೆ. ಮಾರುಕಟ್ಟೆಯ ಅರಿವಿಲ್ಲದವನನ್ನು ದಾಟಿ, ಚರ್ಮದ ನಾಲಿಗೆಯಲ್ಲಿ ಸ್ವಲ್ಪ ನಿಂತು, ಹೆಂಡತಿಯ ಮೇಲಿನ ಸಿಟ್ಟಿಗೆ ಬಂದೆ. ಫೆರ್ನಾ ಕೆಮ್ಮುವಂತೆ ನಟಿಸುತ್ತ ತೊಟ್ಟಿಯ ಅಂಚು ಹಿಡಿದುಕೊಂಡ. ಆನ್ಸೆಲ್ಮರ ಮುಖ ಕೆಂಪಾಯಿತು, ಆಮೇಲೆ ಅವರ ಭುಜ ಒಂದು ಸಲ ಅಲ್ಲಾಡಿತು. ತುಟಿಯ ಮೂಲೆಯಲ್ಲಿ ಏನೋ ಹೊರಡಲು ನೋಡುತ್ತಿತ್ತು.

"ನಗೋದು ಆಮೇಲೆ ಭಾವ" ಎಂದರು ಗಿಸ್ಲೇನಮ್ಮ. ದನಿ ಏರಿರಲಿಲ್ಲ. "ಮೊದಲು ತೀರ್ಪು. ನನ್ನದಿನ್ನೂ ಕುಡಿದಿಲ್ಲ ನೀವು."

ಬರಿಮೈಯ ಬಾಟಲಿಯನ್ನು ಮೇಜಿನ ಮಧ್ಯಕ್ಕೆ ತಂದು ಮೂರು ಗ್ಲಾಸಿಗೂ ಸುರಿದರು.

"ಇದು ಕಾಗೆಮೂಲೆ. ಹಿಮ ಅರ್ಧ ತಿಂದಿದೆ, ಉಳಿದರ್ಧ ಇಲ್ಲಿದೆ. ಮುಖ ಮುಚ್ಚಿಲ್ಲ. ಯಾರದು ಅಂತ ಗೊತ್ತಿದ್ದೇ ಕುಡೀರಿ, ಗೊತ್ತಿದ್ದೇ ಹೇಳಿ. ಇದು ಈ ಊರಿಂದಲ್ಲ ಅನ್ನೋದಾದ್ರೆ ನನ್ನ ಕಣ್ಣು ನೋಡ್ಕೊಂಡು ಅನ್ನಿ. ಕಾಗದದಲ್ಲಿ ಬೇಡ."

ಆನ್ಸೆಲ್ಮ್ ಈ ಸಲ ಗಾಳಿ ಎಳೆಯಲಿಲ್ಲ. ಕುಡಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ಅವರ ಮನೆಯ ವೈನಿಗಿಂತ ಇದು ಇನ್ನೂ ಮೊನಚು, ಇನ್ನೂ ಉದ್ದ. ಕಲ್ಲಿನ ಮೇಲೆ ಕಲ್ಲು ಕುಟ್ಟಿದಾಗ ಬರುವ ವಾಸನೆ ಇತ್ತು ಅದರಲ್ಲಿ. ಇನ್ನೂ ಎಳೆಯದು, ಯಾರ ಜೊತೆಗೂ ರಾಜಿಗೆ ಸಿದ್ಧವಿರಲಿಲ್ಲ.

"ಇದನ್ನ ಪಾಸ್ ಮಾಡಿದ್ರೆ" ಎಂದರು ಕೊನೆಗೆ, "ಹೋದ ತಿಂಗಳು ನಾನು ಬರೆಸಿದ್ದೇನಾಗತ್ತೆ?"

"ತಪ್ಪಾಗತ್ತೆ."

"ಹತ್ತು ವರ್ಷ ನಾನು ಭಾಷಣ ಮಾಡಿದ್ದು?"

"ಅದು ನಿಮ್ಮ ಪೀಪಾಯಿ, ನೀವು ತುಂಬ್ಕೊಳ್ಳಿ. ನಾನು ಬೇಡ ಅಂದಿಲ್ಲ. ನನ್ನ ತೊಟ್ಟಿ ಮೇಲೆ ನಿಮ್ಮ ಮುಚ್ಚಳ ಹಾಕಬೇಡಿ ಅಂದೆ."

"ಮಾರೋದು ಒಂದು, ಕುಡಿಯೋದು ಒಂದು ಗಿಸ್ಲೇನ್. ಎಲ್ಲರೂ ಹಂಗೇನೇ."

"ನಾನಲ್ಲ. ನಾನು ಕುಡಿಯೋದನ್ನೇ ಮಾರ್ತೀನಿ."

ಕೊರಿನ್ ಗ್ಲಾಸು ಕೆಳಗಿಟ್ಟಳು. "ನಾನು ಹೋದ ತಿಂಗಳು ಸಹಿ ಹಾಕಬಾರದಿತ್ತು. ನನ್ನದು ಪಾಸು." ಫೆರ್ನಾ ತನ್ನ ಗ್ಲಾಸನ್ನು ಮತ್ತೆ ಮುಂದೆ ಚಾಚಿ, "ನಂದೂ ಪಾಸು, ಆದರೆ ಖಚಿತ ಮಾಡ್ಕೋಬೇಕು, ಇನ್ನೊಂದು ಹಾಕು" ಎಂದ.

ಇಬ್ಬರು ಸಾಕಾಗುತ್ತಿತ್ತು. ಆದರೂ ಗಿಸ್ಲೇನಮ್ಮ ಆನ್ಸೆಲ್ಮರಿಂದ ಕಣ್ಣು ತೆಗೆಯಲಿಲ್ಲ. ಹಳೆಯ ತೀರ್ಪನ್ನು ಕೊರಿನ್ನಳ ಕೈಯಿಂದ ತೆಗೆದುಕೊಂಡು ಅವರೆದುರು ಹರಡಿದರು. ಕೊನೆಯ ವಾಕ್ಯದ ಮೇಲೆ ಬೆರಳಿಟ್ಟರು. ಉಗುರಿನ ಸಂದಿಯಲ್ಲಿ ಬಿಳಿ ಮಣ್ಣಿತ್ತು.

"ಹುಳಿ ಅತಿ ಅನ್ನೋದು ಇರಲಿ, ಆ ವರ್ಷ ಇದ್ದದ್ದೇ ಹಾಗೆ. ಮೈ ತೆಳು ಅನ್ನೋದೂ ಇರಲಿ, ನಂದೂ ತೆಳುವೇ. ಇದನ್ನ ನೀವೇ ಹೊಡೆದುಹಾಕಬೇಕು. ಮೇಷ್ಟ್ರಲ್ಲ. ನಿಮ್ಮ ಕೈಲಿ."

ಆನ್ಸೆಲ್ಮ್ ನನ್ನ ಕಡೆ ಕೈ ಚಾಚಿದರು. ಪೆನ್ನು ಕೊಟ್ಟೆ. ಅವರು ಆ ವಾಕ್ಯದ ಮೇಲೆ ಒಂದು ಗೆರೆ ಎಳೆದರು. ಗೆರೆ ನೇರವಾಗಿರಲಿಲ್ಲ, ಆದರೆ ಉದ್ದಕ್ಕೂ ಹೋಯಿತು. ಪಕ್ಕದಲ್ಲಿ ಸಹಿ ಹಾಕಿದರು, ತಾರೀಖು ಹಾಕಿದರು. ಗಿಸ್ಲೇನಮ್ಮ ಕಾಗದ ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಆಗ ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತರು. ಬೆಳಗಿನಿಂದ ನಿಂತೇ ಇದ್ದವರು.

ಗೂಜೇರ್ ಕೈಯಿಂದ ಕೈಗೆ ಹೋಯಿತು. ಆನ್ಸೆಲ್ಮ್ ತಲೆ ತಗ್ಗಿಸಿ ಕೂತಿದ್ದರು. ಅತಿಯಾಯಿತೇನೋ ಎಂದು ನನಗೆ ಅಳುಕಾಯಿತು.

"ಮೇಷ್ಟ್ರೇ" ಎಂದರು, ತಲೆಯೆತ್ತದೆ.

"ಹೇಳಿ ಅಧ್ಯಕ್ಷರೇ."

"ನಾನು ನಿಜವಾಗ್ಲೂ ಹಂಗೆ ಮೂಸ್ತೀನಾ?"

"ಮೂಸ್ತೀರ."

"ಯಾವಾಗ್ಲೂ?"

"ಮದುವೆ ದಿನ ಒಪ್ಪಿಗೆ ಅನ್ನೋಕೆ ಮುಂಚೆನೂ ಮೂಸಿದ್ರಿ" ಎಂದರು ಆರ್ಲೆಟ್. "ಪಾದ್ರಿ ಕಾದು ನಿಂತಿದ್ರು."

ಆನ್ಸೆಲ್ಮರ ಭುಜ ಅಲ್ಲಾಡಿತು. ಮತ್ತೊಮ್ಮೆ ಅಲ್ಲಾಡಿತು. "ಆ ಚರ್ಮದ ನಾಲಿಗೆ ಜಾಗದಿಂದ ಓದಿ" ಎಂದರು, "ನನ್ನ ದನೀಲೇ ಓದಿ." ನಾನು ಗಾಳಿ ಎಳೆದದ್ದೇ ತಡ, ಅವರು ಮೇಜಿನ ಮೇಲೆ ಕೈ ಬಡಿದು ನಗತೊಡಗಿದರು. ಫೆರ್ನಾ ನಕ್ಕ, ಕೊರಿನ್ ನಕ್ಕಳು, ಕೊನೆಗೆ ಗಿಸ್ಲೇನಮ್ಮನೂ ಬಾಯಿಬಿಟ್ಟು ನಕ್ಕರು. ಆದರೆ ಅಷ್ಟೂ ಜನರ ನಗುವನ್ನು ಮುಚ್ಚಿಹಾಕುವಂತೆ ಆನ್ಸೆಲ್ಮ್ ನಗುತ್ತಿದ್ದರು. ಕಣ್ಣೊರೆಸಿಕೊಳ್ಳಲು ಏನೂ ಸಿಗದೆ ಮೇಜಿನ ಮೇಲಿದ್ದ ನೀಲಿ ಕಾಲುಚೀಲ ಎಳೆದುಕೊಂಡು, ಹಿಮ್ಮಡಿಗೆ ಆರ್ಲೆಟ್ ಹಾಕಿದ ತೇಪೆ ನೋಡಿ ಅದು ತಮ್ಮದೇ ಎಂದು ಗೊತ್ತಾಗಿ, ಇನ್ನೂ ಜೋರಾಗಿ ನಕ್ಕರು.